ಹಾಡು ಕಟ್ ಆಗದ ಅಂಗಡಿ

ಸೇತುರಾಮನ ಬಗ್ಗೆ ಬರೆಯಬೇಕಾದವನು ಚನ್ನಬಸವಯ್ಯ. ಆದರೆ ಅವನು ಬರೆದರೆ ಹೊಗಳಿಕೆ ಬಿಂದಿಗೆಗಟ್ಟಲೆ ಇರುತ್ತದೆ, ನಿಜ ಒಂದು ಚಮಚವೂ ಇರುವುದಿಲ್ಲ. ಹಾಗಾಗಿ ನಾನು ಬರೆಯುತ್ತಿದ್ದೇನೆ. ನನ್ನ ಹೆಸರು ಉಮಾಮಹೇಶ್ವರಿ. ಬ್ಯಾಂಕಿನಲ್ಲಿ ದುಡಿದು ನಿವೃತ್ತಳಾಗಿ ಬನಶಂಕರಿ ಎರಡನೇ ಹಂತದಲ್ಲಿದ್ದೇನೆ. ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯವರ ದೂರು. ಇರಲಿ, ಈ ವಯಸ್ಸಿನಲ್ಲಿ ಅದನ್ನು ಬೇರೆ ಕಡೆಗೆ ವರ್ಗಾಯಿಸಲು ಆಗುವುದಿಲ್ಲ.

ಸೇತು ಅಂಗಡಿ ತೆರೆದದ್ದು ಎಂಬತ್ತನಾಲ್ಕರಲ್ಲಿ, ಅವನಿಗೆ ಇಪ್ಪತ್ತು ವರ್ಷವಾಗಿದ್ದಾಗ. ಜಯನಗರ ನಾಲ್ಕನೇ ಬ್ಲಾಕಿನ ಕಾಂಪ್ಲೆಕ್ಸಿನ ಹಿಂದೆ, ಒಂದು ಕಡೆ ಟೈಲರು, ಇನ್ನೊಂದು ಕಡೆ ಹಿಟ್ಟಿನ ಗಿರಣಿ, ನಡುವೆ ಇಬ್ಬರು ನಿಂತರೆ ಮೂರನೆಯವರು ಉಸಿರು ಬಿಗಿಹಿಡಿಯಬೇಕಾದ ಜಾಗ. ಬೋರ್ಡಿನ ಮೇಲೆ ‘ಸೇತು ರೆಕಾರ್ಡಿಂಗ್’. ಆಸ್ಟ್ರೇಲಿಯಾಕ್ಕೆ ಹೊರಟಿದ್ದ ಕಾಕ್ಸ್ ಟೌನಿನ ಒಂದು ಸಂಸಾರ ಮಾರಿದ ರೆಕಾರ್ಡ್ ಪ್ಲೇಯರ್, ಒಂದು ಕ್ಯಾಸೆಟ್ ಡೆಕ್ಕು, ವಿಮಾನದಲ್ಲಿ ಕೆಲಸ ಮಾಡುವ ಒಬ್ಬ ಪುಣ್ಯಾತ್ಮ ತಂದುಕೊಡುತ್ತಿದ್ದ ಎಲ್‌ಪಿಗಳು. ನಾವು ಖಾಲಿ ಕ್ಯಾಸೆಟ್ ಕೊಟ್ಟರೆ ಎರಡು ದಿನದಲ್ಲಿ ಅವನು ಬೇಕಾದ ಎಲ್‌ಪಿಯನ್ನು ತುಂಬಿಸಿ, ಹಾಡುಗಳ ಹೆಸರನ್ನು ಮುತ್ತಿನಂಥ ಅಕ್ಷರದಲ್ಲಿ ಬರೆದು ಕೊಡುತ್ತಿದ್ದ. ಇದೆಲ್ಲ ಕಾನೂನಿಗೆ ಸರಿಯೇ ಎಂದು ಆಗ ಯಾರೂ ಕೇಳಲಿಲ್ಲ. ನಾನು ಮೊದಮೊದಲು ‘ಏನ್ರೀ ಸೇತುರಾಮ್’ ಎನ್ನುತ್ತಿದ್ದವಳು, ಎರಡೇ ವರ್ಷದಲ್ಲಿ ‘ಲೋ ಸೇತು’ಗೆ ಇಳಿದಿದ್ದೆ.

ಬೇರೆ ಅಂಗಡಿಯವರು ಕ್ಯಾಸೆಟ್ ಮುಗಿದಲ್ಲಿಗೆ ಹಾಡು ನಿಲ್ಲಿಸುತ್ತಿದ್ದರು. ಹಾಡುವವನು ‘ಓ ಮೈ’ ಎನ್ನುವಷ್ಟರಲ್ಲಿ ಟಕ್ ಎಂದು ಕಡಿದುಹೋಗುತ್ತಿತ್ತು. ಅವನದು ಲವ್ವೋ ಲೈಫೋ ಎಂದು ನಾವೇ ಊಹಿಸಿಕೊಳ್ಳಬೇಕು. ತೊಂಬತ್ತು ನಿಮಿಷದ ಕ್ಯಾಸೆಟ್ ಕೊಳ್ಳಬಹುದಿತ್ತು, ಆದರೆ ಅದರ ಟೇಪು ತೆಳು, ನಮ್ಮ ಮನೆಗಳ ಟೇಪ್‌ರೆಕಾರ್ಡರುಗಳು ಅದನ್ನು ಶ್ಯಾವಿಗೆ ಮಾಡಿ ಕಕ್ಕುತ್ತಿದ್ದವು. ಆದ್ದರಿಂದ ಎಲ್ಲರ ಕೈಯಲ್ಲೂ ಅರವತ್ತು ನಿಮಿಷದ್ದೇ. ಸೇತುವಿನ ಅಂಗಡಿಯಲ್ಲಿ ಮಾತ್ರ ಅದೇ ಅರವತ್ತು ನಿಮಿಷದ ಕ್ಯಾಸೆಟ್ಟಿನಲ್ಲಿ ಕೊನೆಯ ಹಾಡು ಕೊನೆಯ ಉಸಿರಿನವರೆಗೂ ಇರುತ್ತಿತ್ತು. ‘ಸೇತು ಅಂಗಡೀಲಿ ಹಾಡು ಕಟ್ ಆಗಲ್ಲ’ ಎನ್ನುವುದು ಜಯನಗರದಿಂದ ಜೆ.ಪಿ. ನಗರದವರೆಗೆ ಕಾಲೇಜು ಹುಡುಗರ ನಡುವೆ ಗಾದೆಯ ಹಾಗೆ ಓಡಾಡುತ್ತಿತ್ತು. ಹೇಗೆ ಮಾಡುತ್ತೀಯ ಎಂದು ಕೇಳಿದರೆ ನಕ್ಕು ಮುಂದಿನ ಕ್ಯಾಸೆಟ್ ಹಾಕುತ್ತಿದ್ದ.

ನಮಗೆ ಹುಚ್ಚು ಹಿಡಿಸಿದ್ದು ‘ಗ್ರೇ ಟೆಲಿಗ್ರಾಫ್’ ಎನ್ನುವ ಬ್ಯಾಂಡು. ಇಂಗ್ಲೆಂಡಿನ ಯಾವುದೋ ಬಂದರು ಊರಿನ ನಾಲ್ಕು ಹುಡುಗರು. ಅವರ ಬಗೆಯ ಹಾಡುಗಳಿಗೆ ನ್ಯೂ ವೇವ್ ಎನ್ನುತ್ತಿದ್ದರು. ಗಿಟಾರಿಗಿಂತ ಕೀಬೋರ್ಡು ಜಾಸ್ತಿ, ಹಾಡುವವನು ಹಾಡುತ್ತಿದ್ದಾನೋ ದೂರು ಹೇಳುತ್ತಿದ್ದಾನೋ ತಿಳಿಯದ ಧಾಟಿ. ನಮ್ಮಮ್ಮ ‘ಮಿಕ್ಸಿ ಆಫ್ ಮಾಡೇ’ ಎಂದು ಅಡುಗೆಮನೆಯಿಂದಲೇ ಕೂಗುತ್ತಿದ್ದಳು. ಅವರ ಎಲ್‌ಪಿಯ ಕೊನೆಯ ಹಾಡು ‘ಸ್ವಿಚ್‌ಬೋರ್ಡ್’. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಎಲ್ಲರನ್ನೂ ಎಲ್ಲರಿಗೂ ಜೋಡಿಸಿಕೊಡುವ ಒಬ್ಬ ಹುಡುಗನಿಗೆ ಯಾರೂ ಫೋನ್ ಮಾಡುವುದಿಲ್ಲ, ಅಷ್ಟೇ ಕಥೆ. ಕೀಬೋರ್ಡು ಓಡುತ್ತಿತ್ತು, ದನಿ ಅದರ ಹಿಂದೆ ಓಡುತ್ತಿತ್ತು, ನಮಗೆ ಹತ್ತೊಂಬತ್ತು ವರ್ಷ. ಅದನ್ನು ಕೇಳಿ ಸೌತ್ ಎಂಡ್ ಸರ್ಕಲ್ಲಿನಿಂದ ಮನೆವರೆಗೆ ನಾನು ನಡೆದದ್ದಿಲ್ಲ, ಹಾರಿದ್ದೇನೆ.

ತೊಂಬತ್ತೊಂಬತ್ತರ ಹೊತ್ತಿಗೆ ಕ್ಯಾಸೆಟ್ಟಿನ ಕಾಲ ಮುಗಿಯಿತು. ಸೇತು ಅಂಗಡಿ ಮುಚ್ಚಿ, ಪದ್ಮನಾಭನಗರದಲ್ಲಿ ಟ್ಯೂಷನ್ ಸೆಂಟರುಗಳ ನಡುವೆ ಜೆರಾಕ್ಸ್ ಮೆಷಿನ್ ಇಟ್ಟ. ಇವತ್ತಿಗೂ ಅದೇ ಕೆಲಸ. ಮಕ್ಕಳ ನೋಟ್ಸಿನ ಅಂಚಿನ ಅಕ್ಷರ ಹೋಗಬಾರದೆಂದು ಕೇಳದೆಯೇ ಪುಟವನ್ನು ಚೂರು ಚಿಕ್ಕದು ಮಾಡಿ ಹೊಡೆದುಕೊಡುತ್ತಾನೆ. ಹೆಂಡತಿ ಸೀತಾಲಕ್ಷ್ಮಿ, ಅಂಗಡಿಯ ಮೇಲೆಯೇ ಬಾಡಿಗೆ ಮನೆ. ಬದುಕಿನಲ್ಲಿ ಅವನಿಗೆ ಹೆಸರು ತಂದದ್ದು ಆ ಹದಿನೈದು ವರ್ಷದ ಕ್ಯಾಸೆಟ್ಟುಗಳು ಮಾತ್ರ.

ನಮ್ಮ ಗುಂಪು ಉಳಿಯಿತು. ಈಗ ಹದಿನಾಲ್ಕು ಜನ, ಎಲ್ಲರಿಗೂ ಬಿಪಿ. ವಾಟ್ಸಾಪಿನಲ್ಲಿ ‘ಗ್ರೇ ಗ್ಯಾಂಗ್’. ಅದರ ಯಜಮಾನ ಚನ್ನಬಸವಯ್ಯ, ಜೆ.ಪಿ. ನಗರದಲ್ಲಿ ಟೈಲ್ಸ್ ಅಂಗಡಿಯವನು. ತಿಂಗಳ ಮೊದಲ ಭಾನುವಾರ ಅವನ ಮನೆಯ ಮಹಡಿಯ ಮೇಲೆ ಸೇರಿ, ಬ್ಯಾಂಡು ನಲವತ್ತೈದು ವರ್ಷ ಹೇಗೆ ಬಾಳಿತು ಎಂದು ಚರ್ಚೆ ಮಾಡುತ್ತೇವೆ, ನಾವು ಬಾಳಿದ್ದೇನು ಕಡಿಮೆಯೇ ಎನ್ನುವ ಹಾಗೆ. ಅವರು ಯಾವತ್ತೂ ಬದಲಾಗಲಿಲ್ಲ, ಅದಕ್ಕೇ ಉಳಿದರು ಎಂದು ಚನ್ನ. ಪ್ರತಿ ಎಲ್‌ಪಿಗೂ ಬದಲಾದರು, ಅದಕ್ಕೇ ಉಳಿದರು ಎಂದು ಸುಭಾಷ್. ನಿಲ್ಲಿಸಿ ಎಂದು ಹೇಳುವ ಧೈರ್ಯ ಯಾರಿಗೂ ಬರಲಿಲ್ಲ, ಅದಕ್ಕೇ ಉಳಿದರು ಎಂದು ನಾನು. ಒಂದು ವಿಷಯದಲ್ಲಿ ಮಾತ್ರ ಒಮ್ಮತ. ಸಿ.ಡಿ. ಬಂದ ಮೇಲೆ, ಆಮೇಲೆ ಮೊಬೈಲಿನಲ್ಲಿ ಬಂದ ಮೇಲೆ, ಹಾಡುಗಳು ಹಾಳಾದವು. ದನಿ ಭಾರ, ಓಟ ನಿಧಾನ. ‘ಡಿಜಿಟಲ್‌ನಲ್ಲಿ ಜೀವ ಇಲ್ಲ ಗುರು, ಕಂಪನಿಯವ್ರು ಕೆಡಿಸಿಟ್ರು’ ಎಂದು ಚನ್ನ ತೀರ್ಪು ಕೊಟ್ಟಿದ್ದ. ನಾವೆಲ್ಲ ಹೌದೌದು ಎಂದಿದ್ದೆವು. ಸೇತು ಮೂಲೆಯಲ್ಲಿ ಕೂತು ಚಕ್ಕುಲಿ ಮುರಿಯುತ್ತಿದ್ದ.

ಕಳೆದ ವರ್ಷ ಆ ಬ್ಯಾಂಡಿನವರು ಕೊನೆಯ ಪ್ರವಾಸ ಎಂದು ಸಾರಿದರು. ಒಂದು ಕಾರ್ಯಕ್ರಮ ಬೆಂಗಳೂರಿನಲ್ಲಿ. ಇದೊಂದರಲ್ಲಿ ಸೇತು ಹಿಡಿದ ಹಟ ನಮಗೆ ಅರ್ಥವಾಗಿರಲಿಲ್ಲ. ಸುಭಾಷನಿಗೆ ಮಂಡಿನೋವು, ಅವನ ಮನೆಗೇ ಹೋಗಿ ಕೂತ.

“ಎಲ್ರೂ ಬರ್ಬೇಕು. ಒಬ್ರೂ ತಪ್ಪಿಸ್ಕೋಬಾರ್ದು. ಒಂದೇ ಒಂದ್ಸಲ ಎಲ್ರೂ ಒಟ್ಟಿಗೆ ನಿಂತ್ಕೊಂಡು ಕೇಳ್ಬೇಕು. ನಂಗೆ ಇನ್ನೇನೂ ಬೇಡ,” ಎಂದನಂತೆ.

ಟೆಂಪೋ ಟ್ರಾವೆಲರ್ ಮಾಡಿಕೊಂಡು, ಚಿತ್ರಾನ್ನ ಕಟ್ಟಿಕೊಂಡು, ಹದಿನಾಲ್ಕೂ ಜನ ಊರಾಚೆಯ ಮೈದಾನಕ್ಕೆ ಹೋದೆವು. ಚಿತ್ರಾನ್ನವನ್ನು ಗೇಟಿನಲ್ಲೇ ಕಿತ್ತುಕೊಂಡರು, ಅದು ಬೇರೆ ಕಥೆ. ಸಂಜೆ ಏಳಕ್ಕೆ ಅವರು ವೇದಿಕೆಗೆ ಬಂದರು. ಹಾಡುವವನಿಗೆ ಎಪ್ಪತ್ತು ಇರಬೇಕು. ಬಿಳಿ ಕೂದಲು, ನೆಟ್ಟಗಿನ ಬೆನ್ನು, ಇಸ್ತ್ರಿ ಮಾಡಿದ ಅಂಗಿ. ಕೊನೆಯಲ್ಲಿ ‘ಸ್ವಿಚ್‌ಬೋರ್ಡ್’ ಶುರುವಾಯಿತು.

ನಿಧಾನ. ದನಿ ಕೆಳಗೆ. ಬಸ್ಸು ಹಿಡಿಯಲು ಓಡುವವನ ಹಾಡು ಎಂದು ನಾನು ನಲವತ್ತು ವರ್ಷ ನಂಬಿದ್ದನ್ನು, ಆ ಮುದುಕ ಬಸ್ಸು ಹೋದಮೇಲೆ ಸ್ಟಾಪಿನಲ್ಲಿ ಕೂತವನ ಹಾಡಿನಂತೆ ಹಾಡಿದ. ಬೇಗ ಮುಗಿದರೆ ಸಾಕು ಎನ್ನಿಸಿತು. ಪಕ್ಕದಲ್ಲಿ ಸೇತು ವೇದಿಕೆಯನ್ನು ನೋಡುತ್ತಲೇ ಇರಲಿಲ್ಲ. ತಿರುಗಿ ನಿಂತು ನಮ್ಮ ಮುಖಗಳನ್ನು ಒಂದೊಂದಾಗಿ ನೋಡುತ್ತಿದ್ದ, ಫೋಟೋ ತೆಗೆಯುವವನ ಹಾಗೆ. ‘ಮುಂದೆ ನೋಡೋ’ ಎಂದು ರೇಗಿದೆ. ಅವನು ನನ್ನ ಮುಖವನ್ನೂ ನೋಡಿ, ಆಮೇಲೆ ಮುಂದಕ್ಕೆ ತಿರುಗಿದ.

ವಾಪಸ್ಸು ಬರುವಾಗ ಗಾಡಿಯಲ್ಲಿ ಸಾವಿನ ಮನೆಯ ಕಳೆ.

“ಶ್ರುತಿ ಇಳಿಸ್ಬಿಟ್ಟಿದಾರೆ,” ಎಂದ ಚನ್ನ. “ಮೇಲಿಂದು ಹಾಡೋಕೆ ಉಸಿರಿಲ್ಲ. ಇಷ್ಟು ವರ್ಷ ಯಾಕಾದ್ರೂ ಎಳೆದ್ರೋ. ಹತ್ತು ವರ್ಷದ ಹಿಂದೇನೇ ನಿಲ್ಸಿದ್ರೆ ಮರ್ಯಾದೆ ಉಳೀತಿತ್ತು.”

“ವಯಸ್ಸಾಯ್ತಲ್ಲ ಪಾಪ,” ಎಂದ ಸುಭಾಷ್, ಮಂಡಿ ತಿಕ್ಕಿಕೊಳ್ಳುತ್ತ.

“ಚೆನ್ನಾಗೇ ಹಾಡಿದ್ರಲ್ಲ,” ಎಂದು ಹಿಂದಿನ ಸೀಟಿನಿಂದ ಸೇತು ಹೇಳಿದ. ನಾನು ಕಿಟಕಿಯ ಕಡೆ ತಿರುಗಿದೆ.

ಚನ್ನ ಅಷ್ಟಕ್ಕೇ ಬಿಡಲಿಲ್ಲ. ಪ್ರಪಂಚದ ಅಭಿಮಾನಿಗಳೆಲ್ಲ ಸೇರುವ ಒಂದು ಜಾಲತಾಣದಲ್ಲಿ ಉದ್ದಕ್ಕೆ ಬರೆದ: ಮುದುಕರು ಶ್ರುತಿ ಇಳಿಸಿ ಮೋಸ ಮಾಡಿದರು, ಬೆಂಗಳೂರಿನವರ ಕಿವಿಗೆ ಗೊತ್ತಾಗುವುದಿಲ್ಲ ಎಂದುಕೊಂಡರು. ಇಂಗ್ಲೆಂಡಿನ ಒಬ್ಬಳು ‘ಅವರು ಮೊದಲಿನ ಶ್ರುತಿಯಲ್ಲೇ ಹಾಡುವುದು, ನಲವತ್ತೈದು ವರ್ಷದಿಂದ ಅದೇ ಅವರ ಹೆಮ್ಮೆ’ ಎಂದಳು. ಸಾಕ್ಷಿಗೆಂದು ಚನ್ನ ತನ್ನ ಹಳೆಯ ಕ್ಯಾಸೆಟ್ಟನ್ನು ಮಗಳು ಲಿಖಿತಾಳ ಕೈಯಲ್ಲಿ ಕಂಪ್ಯೂಟರಿಗೆ ಏರಿಸಿ ಅಲ್ಲಿ ಹಾಕಿಸಿದ. ಮೂರು ದಿನ ಬ್ರೆಜಿಲಿನವರು, ಜಪಾನಿನವರು, ಎಲ್ಲರೂ ನಕ್ಕರು. ನಿಮ್ಮ ಕ್ಯಾಸೆಟ್ಟೇ ಜೋರಾಗಿ ಓಡುತ್ತಿದೆ ಮಹಾರಾಯ ಎಂದರು.

“ನಮ್ ಸೇತು ಕ್ಯಾಸೆಟ್ಟಿಗೆ ಹೆಸರಿಡ್ತಾರಾ? ಇವ್ರಿಗೆ ಬುದ್ಧಿ ಕಲಿಸ್ತೀನಿ,” ಎಂದು ಚನ್ನ ಗ್ಯಾಂಗಿನಲ್ಲಿ ಗುಡುಗಿದ. ಅವನ ಬುದ್ಧಿ ಕಲಿಸುವ ವಿಧಾನ ನಮ್ಮೂರಿನದ್ದೇ. ಸೇತುವಿಗೆ ಒಂದು ಸನ್ಮಾನ.

ನಾನು ಬ್ಯಾಂಕಿನವಳು. ಜಪಾನಿನವರು ನಕ್ಕರೆಂದು ನಂಬುವವಳೂ ಅಲ್ಲ, ಚನ್ನ ಗುಡುಗಿದನೆಂದು ಬಿಡುವವಳೂ ಅಲ್ಲ. ಮೊಬೈಲಿನಲ್ಲಿ ಕಂಪನಿಯ ‘ಸ್ವಿಚ್‌ಬೋರ್ಡ್’ ನಾಲ್ಕು ನಿಮಿಷ ಹದಿನಾಲ್ಕು ಸೆಕೆಂಡು. ಲಿಖಿತಾ ಏರಿಸಿದ್ದು ಸರಿಯಾಗಿ ನಾಲ್ಕು ನಿಮಿಷ. ಎರಡರಲ್ಲೂ ಮಾತುಗಳು ಅಷ್ಟೇ, ಒಂದೂ ಬಿಟ್ಟಿಲ್ಲ. ಮಾರನೆಯ ಬೆಳಗ್ಗೆ ಪದ್ಮನಾಭನಗರಕ್ಕೆ ಹೋದೆ. ಸೇತು ಯಾರದೋ ರಸಾಯನಶಾಸ್ತ್ರದ ನೋಟ್ಸು ಜೆರಾಕ್ಸ್ ಹೊಡೆಯುತ್ತಿದ್ದ.

“ಸೇತು, ಹದಿನಾಲ್ಕು ಸೆಕೆಂಡ್ ಎಲ್ಲಿ ಹೋಯ್ತೋ?” ಎಂದೆ.

ಅವನು ಮೆಷಿನ್ ನಿಲ್ಲಿಸಲಿಲ್ಲ. “ಗೊತ್ತಾಯ್ತಾ,” ಎಂದ. ಆ ಒಂದು ಮಾತಿನಲ್ಲಿ ಭಯಕ್ಕಿಂತ ನಿರಾಳವೇ ಹೆಚ್ಚಾಗಿತ್ತು.

ಹಾಳೆಗಳು ಮುಗಿದ ಮೇಲೆ ಸ್ಟೂಲು ನನ್ನ ಕಡೆಗೆ ತಳ್ಳಿ ಹೇಳಿದ.

“ಮೊದಲ ಸಲ ಚನ್ನಾನೇ ತಂದಿದ್ದು ಕ್ಯಾಸೆಟ್ಟು. ಆ ಎಲ್‌ಪಿ ಜೊತೆಗೆ ಬೇರೆ ಎರಡು ಮೂರು ಹಾಡೂ ಬೇಕು ಅಂದಿದ್ದ. ಎರಡು ಸೈಡೂ ಒಂದೆರಡು ನಿಮಿಷ ಜಾಸ್ತಿ ಆಗ್ತಿತ್ತು. ‘ಸ್ವಿಚ್‌ಬೋರ್ಡ್’ ಕೊನೇದು. ಅದನ್ನ ಕಟ್ ಮಾಡೋಕೆ ಮನಸ್ಸು ಬರ್ಲಿಲ್ಲ ಉಮಾ. ಪ್ಲೇಯರ್‌ನಲ್ಲಿ ಸ್ಪೀಡ್ ಹೆಚ್ಚು ಕಮ್ಮಿ ಮಾಡೋ ಗುಂಡಿ ಇತ್ತು. ಕೊನೇವರೆಗೂ ತಳ್ಳಿದೆ. ಆರು ಪರ್ಸೆಂಟ್. ಓಟದ ಜೊತೆ ಶ್ರುತೀನೂ ಏರ್ತು, ಆದ್ರೆ ಹಾಡು ಕರೆಕ್ಟಾಗಿ ಹಿಡೀತು.”

“ಅವನಿಗೆ ಹೇಳ್ಬಹುದಿತ್ತಲ್ಲ.”

“ಹೇಳೋಣ ಅಂತಲೇ ಇದ್ದೆ. ಮಾರನೇ ದಿನ ಬಂದು ಅಂಗಡಿ ಮುಂದೆ ಕುಣಿದುಬಿಟ್ಟ. ಹಿಂದೇನೇ ಆರು ಜನ ಬಂದ್ರು, ನಮಗೂ ಅದೇ ಬೇಕು ಅಂತ. ನೀನೂ ಬಂದೆ. ಆಮೇಲೆ ಹೆಂಗೆ ಹೇಳೋದು?”

“ನೀನೂ ಅದನ್ನೇ ಕೇಳ್ತಿದ್ಯಾ?”

“ಇಲ್ಲ. ಷಟರ್ ಅರ್ಧ ಎಳೆದು, ಗುಂಡೀನ ಸೊನ್ನೆಗೆ ತಂದು, ಒಬ್ನೇ ಕೇಳ್ತಿದ್ದೆ.” ಸ್ವಲ್ಪ ಹೊತ್ತು ಹಾಳೆಗಳ ಅಂಚನ್ನು ಕುಟ್ಟಿ ಕುಟ್ಟಿ ಸರಿಮಾಡಿದ. “ನಲವತ್ತು ವರ್ಷದಿಂದ ನಿಮ್ ಜೊತೆ ಕೂತು ಆ ಹಾಡಿನ ಮಾತಾಡಿದೀನಿ. ಆದ್ರೆ ನೀವು ಕೇಳಿದ ಹಾಡು ಬೇರೆ, ನಾನು ಕೇಳಿದ್ದು ಬೇರೆ. ಅವತ್ತು ಗ್ರೌಂಡಲ್ಲಿ ಅವ್ನು ಶುರು ಮಾಡ್ದಾಗ, ಈಗ ಕೇಳಿಸ್ಕೋತಾರೆ, ಎಲ್ರೂ ಒಟ್ಟಿಗೆ ಅಂತ ನಿಮ್ ಮುಖ ನೋಡ್ದೆ.”

ಮುಂದಿನದನ್ನು ಅವನು ಹೇಳಬೇಕಾಗಿರಲಿಲ್ಲ. ನನ್ನ ಮುಖ ಅವತ್ತು ಹೇಗಿತ್ತೆಂದು ನನಗೆ ಗೊತ್ತು. ನನ್ನ ಮೇಲೆ ನನಗೇ ಸಿಟ್ಟು ಬಂತು, ಅವನ ಮೇಲೂ ಬಂತು. ಆ ಮುದುಕ ತನ್ನ ಊರಿಗೆ ಹೋಗಿ ಸುಖವಾಗಿರಬಹುದು, ಆದರೆ ನಮ್ಮ ಗುಂಪಿನವರ ಬಾಯಲ್ಲಿ ಅವನು ಉಸಿರಿಲ್ಲದ ಮೋಸಗಾರನಾಗಿ ಉಳಿದಿದ್ದ, ತಪ್ಪೇ ಮಾಡದೆ.

“ಸನ್ಮಾನದಲ್ಲಿ ಎಲ್ಲಾ ಹೇಳ್ಬಿಡ್ತೀನಿ,” ಎಂದ ಸೇತು. “ಆಗಾದ್ರೂ ಅವನ ಹಾಡನ್ನ ಅವನ ಹಾಡಾಗಿ ಒಂದ್ಸಲ ಕೇಳ್ತಾರೆ.”

ಸನ್ಮಾನ ಒಂದು ಭಾನುವಾರ ಬೆಳಗ್ಗೆ, ಪದ್ಮನಾಭನಗರದ ಸಣ್ಣ ಸಭಾಂಗಣದಲ್ಲಿ. ಉಪ್ಪಿಟ್ಟು, ಕೇಸರಿಬಾತ್. ಇಂಗ್ಲಿಷ್ ಬ್ಯಾಂಡಿನ ಅಭಿಮಾನಿಗಳ ಸಭೆಯಾದರೂ ಪ್ರಾರ್ಥನೆ ಆಗಲೇಬೇಕಲ್ಲ, ಸೀತಾಲಕ್ಷ್ಮಿಯೇ ಗಣಪತಿಯ ಮೇಲೆ ಹಾಡಿದಳು. ಸೇತುವಿಗೆ ಮೈಸೂರು ಪೇಟ ತೊಡಿಸಿದರು, ಅದು ಒಂದು ಸುತ್ತು ದೊಡ್ಡದಾಗಿ ಹುಬ್ಬಿನ ಮೇಲೆ ಕೂತಿತು. ಶಾಲು, ಹಾರ, ಹಣ್ಣಿನ ಬುಟ್ಟಿ, ಗಾಜಿನ ಚೌಕಟ್ಟಿನಲ್ಲಿ ಚಿನ್ನದ ಬಣ್ಣ ಬಳಿದ ಒಂದು ಕ್ಯಾಸೆಟ್ಟು. ಚನ್ನ ಮೈಕ್ ಹಿಡಿದು, ನಿಜವಾದ ಗ್ರೇ ಟೆಲಿಗ್ರಾಫ್ ಇಂಗ್ಲೆಂಡಿನಲ್ಲಿಲ್ಲ, ಇಲ್ಲಿದೆ ಎಂದು ಸೇತುವಿನ ಪೇಟದ ಕಡೆ ಕೈ ತೋರಿಸಿದ. ಚಪ್ಪಾಳೆಯೋ ಚಪ್ಪಾಳೆ.

ಸೇತು ಎದ್ದು ನಿಂತ. ಪೇಟ ಮೇಲಕ್ಕೆತ್ತಿಕೊಂಡು, ನನಗೆ ಹೇಳಿದ್ದನ್ನೆಲ್ಲ ಹೇಳಿದ. ಗುಂಡಿಯ ಮಾತು, ಆರು ಪರ್ಸೆಂಟಿನ ಮಾತು, ಹಾಡಿದವರದ್ದು ಏನೂ ತಪ್ಪಿಲ್ಲ ಎನ್ನುವ ಮಾತು.

“ತಪ್ಪು ನಂದು. ಅವ್ರು ಅವತ್ತೂ ಹಂಗೇ ಹಾಡ್ತಿದ್ರು, ಇವತ್ತೂ ಹಂಗೇ ಹಾಡಿದ್ರು,” ಎಂದು ಕೈಮುಗಿದ.

ಚನ್ನ ಎದ್ದು ಬಂದು ಅವನನ್ನು ಅಪ್ಪಿಕೊಂಡ.

“ನೋಡಿ, ಇದಪ್ಪ ದೊಡ್ಡತನ ಅಂದ್ರೆ. ಆ ಮುದುಕನ ಮರ್ಯಾದೆ ಉಳಿಸೋಕೆ ಸೇತು ತನ್ ತಲೆ ಮೇಲೆ ಹಾಕ್ಕೋತಿದಾನೆ.”

ಮತ್ತೆ ಚಪ್ಪಾಳೆ, ಈ ಸಲ ಇನ್ನೂ ಜೋರು. ನಾನು ಎದ್ದು ಸೇತು ಹೇಳುತ್ತಿರುವುದು ನಿಜ, ಹದಿನಾಲ್ಕು ಸೆಕೆಂಡಿನ ವ್ಯತ್ಯಾಸ ಇದೆ ಎಂದು ಕೂಗಿದೆ.

“ಉಮಾ, ನೀನು ಬ್ಯಾಂಕಿನವಳು. ಸೆಕೆಂಡ್ ಎಣಿಸ್ತೀಯ, ಹಾಡು ಕೇಳಲ್ಲ,” ಎಂದ ಸುಭಾಷ್. ಎಲ್ಲರೂ ನಕ್ಕರು. ಸೇತು ಮೈಕಿನ ಮುಂದೆ ‘ಇಲ್ಲ, ಇಲ್ಲ’ ಎನ್ನುತ್ತಲೇ ಇದ್ದ. ಅದೂ ವಿನಯವೇ ಆಯಿತು.

ಉಪ್ಪಿಟ್ಟಿನ ಸಾಲಿನಲ್ಲಿ ನಾನು ಚನ್ನನನ್ನು ಹಿಡಿದೆ. ಎಷ್ಟು ದಪ್ಪ ಚರ್ಮವೋ ನಿನ್ನದು, ಕಣ್ಣೆದುರಿಗೆ ಒಬ್ಬ ಬೇಡಿಕೊಳ್ಳುತ್ತಿದ್ದಾನೆ, ಕೇಳಿಸುವುದಿಲ್ಲವೇ ಎಂದೆ. ಅವನು ತಟ್ಟೆ ಕೆಳಗಿಟ್ಟ. ಇಷ್ಟು ವರ್ಷದಲ್ಲಿ ಅವನು ದನಿ ತಗ್ಗಿಸಿ ಮಾತಾಡಿದ್ದನ್ನು ನಾನು ನೋಡಿರಲಿಲ್ಲ.

“ಕೇಳಿಸ್ತು ಕಣೇ. ಅಪ್ಪ ಹೋದಾಗ ಆರು ತಿಂಗಳು ನಾನು ಕೇಳಿದ್ದು ಅದೊಂದೇ ಹಾಡು. ಇಪ್ಪತ್ತೊಂದು ವರ್ಷ ನಂಗೆ. ಅದರ ಓಟ ಹಿಡ್ಕೊಂಡೇ ಎದ್ದೆ, ಅಪ್ಪನ ಅಂಗಡಿ ಬಾಗಿಲು ತೆಗೆದೆ. ಈಗ ಅದು ಗುಂಡಿ ತಳ್ಳಿದ್ದು ಅಂದ್ರೆ, ನಾನು ಏನ್ ಹಿಡ್ಕೊಂಡು ಎದ್ದಿದ್ದು ಹೇಳು.”

ಅವನು ತಟ್ಟೆ ಎತ್ತಿಕೊಂಡು ಕೇಸರಿಬಾತಿನ ಕಡೆ ಹೋದ.

ಮಧ್ಯಾಹ್ನ ಹಣ್ಣಿನ ಬುಟ್ಟಿ ಹೊತ್ತುಕೊಂಡು ನಾನೂ ಸೇತುವಿನ ಮನೆಗೆ ಹೋದೆ. ಕೋಣೆಯ ಮೂಲೆಯಲ್ಲಿ ಹಳೆಯ ಸೀರೆ ಹೊದ್ದು ಆ ರೆಕಾರ್ಡ್ ಪ್ಲೇಯರ್ ಇನ್ನೂ ಇತ್ತು. ಸೀತಾಲಕ್ಷ್ಮಿ ಕಾಫಿ ತಂದಿಟ್ಟು, “ನಿಮ್ ಇಂಗ್ಲಿಷ್ ದೇವರ ಪೂಜೆ ಇನ್ನೂ ಮುಗ್ದಿಲ್ವಾ,” ಎಂದು ಒಳಗೆ ಹೋದಳು.

“ಹಾಕೋ,” ಎಂದೆ. “ಸೊನ್ನೆಗಿಟ್ಟು ಹಾಕು. ನಾನು ಕೇಳ್ತೀನಿ ನಿನ್ ಜೊತೆ.”

ಅವನ ಮುಖ ಅರಳಿದ್ದನ್ನು ಹೇಗೆ ಬರೆಯಲಿ. ಪೇಟ ತೆಗೆದು ಮಂಚದ ಮೇಲಿಟ್ಟ. ಎಲ್‌ಪಿಯನ್ನು ಅಂಗೈಗಳ ನಡುವೆ ಹಿಡಿದು, ಊದಿ, ಇಟ್ಟ. ಗುಂಡಿಯನ್ನು ಸೊನ್ನೆಗೆ ತಂದು ಎರಡು ಸಲ ನೋಡಿದ. ‘ಸ್ವಿಚ್‌ಬೋರ್ಡ್’ ಶುರುವಾಯಿತು. ಅವನು ಕಣ್ಣು ಮುಚ್ಚಿದ.

ನಾನು ಪ್ರಯತ್ನಪಟ್ಟೆ. ದೇವರಾಣೆ ಪ್ರಯತ್ನಪಟ್ಟೆ. ಇದೇ ನಿಜವಾದದ್ದು, ಇದೇ ಆ ಹಾಡುಗಾರ ಹಾಡಿದ್ದು ಎಂದು ಮನಸ್ಸಿಗೆ ಹೇಳಿಕೊಂಡೆ. ಆದರೆ ಪ್ರತಿ ಸಾಲಿಗೂ ನಾನು ಮೊದಲೇ ಹೋಗಿ ನಿಂತಿರುತ್ತಿದ್ದೆ, ಹಾಡು ಹಿಂದಿನಿಂದ ತಡವಾಗಿ ಬರುತ್ತಿತ್ತು. ಎಲ್ಲಿಯೂ ನನ್ನ ಹತ್ತೊಂಬತ್ತು ವರ್ಷ ಇರಲಿಲ್ಲ. ಚೆನ್ನಾಗಿಲ್ಲವೆಂದಲ್ಲ. ನನ್ನದಲ್ಲ, ಅಷ್ಟೇ.

ಕಣ್ಣು ಬಿಟ್ಟು ಸೇತು ನನ್ನನ್ನು ನೋಡಿದ.

“ಚೆನ್ನಾಗಿದೆ ಕಣೋ,” ಎಂದೆ.

ನಲವತ್ತು ವರ್ಷ ಗಿರಾಕಿಗಳ ಮುಖ ನೋಡಿದವನು ಅವನು. ಮುಳ್ಳನ್ನು ಎತ್ತಿ ಹಾಡಿನ ಮೊದಲಿಗೆ ಇಟ್ಟು, ಹೆಬ್ಬೆರಳಿನಿಂದ ಗುಂಡಿಯನ್ನು ಕೊನೆಯವರೆಗೂ ತಳ್ಳಿದ. ಬೇಡ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಕೀಬೋರ್ಡು ಓಡತೊಡಗಿತ್ತು, ದನಿ ಅದರ ಹಿಂದೆ ಓಡುತ್ತಿತ್ತು, ನನ್ನ ಪಾದ ನನ್ನನ್ನು ಕೇಳದೆ ತಾಳ ಹಾಕುತ್ತಿತ್ತು. ಸೇತು ನನ್ನ ಪಾದವನ್ನು ನೋಡಿದ, ನಕ್ಕ, ಖಾಲಿ ಲೋಟಗಳನ್ನು ಎತ್ತಿಕೊಂಡು ಅಡುಗೆಮನೆಗೆ ಹೋದ. ಹಾಡು ಮುಗಿಯುವವರೆಗೆ ಹೊರಗೆ ಬರಲಿಲ್ಲ.